ಕೂರುತ್ತೆ ಸಾರ್

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳ ಸಾಲಿನಲ್ಲಿ ಗೋಡೆಗೆ ತೂಗುಹಾಕಿದ ಅಲಾಯ್ ವೀಲೊಂದನ್ನು ತೋರಿಸಿ ‘ಇದು ನನ್ನ ಗಾಡಿಗೆ ಆಗುತ್ತಾ?’ ಎಂದು ಕೇಳಿ ನೋಡಿ. ನಾಲ್ಕು ಬೋಲ್ಟಾ ಐದು ಬೋಲ್ಟಾ ಎಂದು ಕಣ್ಣಲ್ಲೇ ಎಣಿಸಿ ಹುಡುಗ ಹೇಳುತ್ತಾನೆ: ‘ಕೂರುತ್ತೆ ಸಾರ್.’ ಅದು ಸುಳ್ಳಲ್ಲ. ಬೋಲ್ಟಿಗೆ ತೂತು ಸೇರುತ್ತದೆ, ನಟ್ಟು ಬಿಗಿಯುತ್ತದೆ, ಗಾಡಿ ಅಂಗಡಿಯ ಮುಂದಿನಿಂದ ಉರುಳಿಕೊಂಡು ಹೊರಡುತ್ತದೆ. ಆದರೆ ಕೂತದ್ದೆಲ್ಲ ಹೊಂದಿದಂತೆಯೇ? ನಮ್ಮ ಭಾಷೆಯಲ್ಲಿ ಒಪ್ಪುವುದು, ಕೂರುವುದು, ಹೊಂದುವುದು ಎಂಬ ಮೂರು ಮಾತುಗಳಿವೆ. ಮೊದಲನೆಯದನ್ನು ಕಣ್ಣು ಹೇಳುತ್ತದೆ, ಎರಡನೆಯದನ್ನು ಪಾನಾ ಹೇಳುತ್ತದೆ. ಮೂರನೆಯದನ್ನು ಹೇಳಬೇಕಾದ್ದು ರಸ್ತೆ, ಮತ್ತು ಅದು ತಡವಾಗಿ ಹೇಳುತ್ತದೆ.

ಅಕ್ಕನ ಮಗ ಕಳೆದ ವರ್ಷ ತನ್ನ ಸ್ವಿಫ್ಟಿಗೆ 17 ಇಂಚಿನ ವೀಲ್ ಹಾಕಿಸಿಕೊಂಡು ಬಂದ. ಕಂಪನಿಯಿಂದ ಬಂದಿದ್ದ ಟಯರು 185/65 ಆರ್15. ಈಗ 205/45 ಆರ್17. ‘ಹೇಗಿದೆ ಮಾವ?’ ಎಂದ. ಚೆನ್ನಾಗಿಯೇ ಇತ್ತು, ಹಾಗೇ ಹೇಳಿದೆ. ನಿಂತ ಕಾರು ಓಡುತ್ತಿರುವಂತೆ ಕಾಣುತ್ತಿತ್ತು. ಎರಡು ವಾರ ಕಳೆದು ಅದೇ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಸಾಗರಕ್ಕೆ ಹೊರಟೆವು. ಶಿವಮೊಗ್ಗ ದಾಟಿದ ಮೇಲೆ ಒಂದು ಹಂಪು ಏರಿ ಇಳಿಯುವಾಗ ಹಿಂದಿನಿಂದ ‘ಕರ್ರ್’ ಎಂಬ ಸದ್ದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಹಿಂದಿನ ಎಡಗಡೆಯ ಟಯರಿನ ಹೊರ ಅಂಚಿನಲ್ಲಿ ದಾರ ಎಳೆದ ಹಾಗೆ ಸುತ್ತಲೂ ಒಂದು ಗೆರೆ. ಮಡ್‌ಗಾರ್ಡಿನ ಮಡಿಚಿದ ಅಂಚಿಗೆ ಬೆರಳು ಹಾಕಿದೆ, ಎಳ್ಳಿನಷ್ಟು ಸಣ್ಣ ಕಪ್ಪು ಚೂರುಗಳು ಅಂಟಿಕೊಂಡು ಬಂದವು.

‘ಅಂಗಡೀಲಿ ತಿರುಗಿಸಿ ನೋಡಿದ್ವಲ್ಲ ಮಾವ, ಎಲ್ಲೂ ತಾಗಿರಲಿಲ್ಲ.’

ಅಂಗಡಿಯಲ್ಲಿ ಕಾರು ಖಾಲಿ ಇತ್ತು.

ತಪ್ಪು ಎಲ್ಲಿ ಎಂದು ಹುಡುಕುವ ಮೊದಲು ಆ ಅಂಕಿಗಳನ್ನು ಓದಬೇಕು. 185 ಎಂಬುದು ಟಯರಿನ ಅಗಲ, ಮಿಲಿಮೀಟರಿನಲ್ಲಿ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ 65 ಅಳತೆಯೇ ಅಲ್ಲ, ಶೇಕಡಾ ಲೆಕ್ಕ: ಟಯರಿನ ಪಕ್ಕೆಯ ಎತ್ತರ ಅಗಲದ ಶೇ. 65ರಷ್ಟು, ಅಂದರೆ 120 ಮಿ.ಮೀ. ಚಿಲ್ಲರೆ. ಮೂರು ಅಂಕಿ, ಮೂರು ಬೇರೆ ಬೇರೆ ಮಾನ. ಹೀಗೆ ಬರೆದರೆ ಯಾರಿಗೆ ತಾನೇ ಅರ್ಥವಾದೀತು! ‘ಆರ್’ ಎಂದರೆ ರೇಡಿಯಸ್ ಎಂದು ನಾನೂ ಬಹಳ ವರ್ಷ ನಂಬಿದ್ದೆ, ಅದು ರೇಡಿಯಲ್. ಅಂಬಾಸಿಡರಿನ ಕಾಲದಲ್ಲಿ 5.90-15 ಎಂದು ಎರಡೇ ಅಂಕಿ, ಪಕ್ಕೆಯ ಎತ್ತರದ ಸುದ್ದಿಯೇ ಇರಲಿಲ್ಲ.

ರಿಮ್ಮಿನ 381 ಮಿ.ಮೀ.ಗೆ ಮೇಲೊಂದು ಕೆಳಗೊಂದು ಪಕ್ಕೆ ಸೇರಿಸಿದರೆ ಇಡೀ ಚಕ್ರದ ಎತ್ತರ ಸುಮಾರು 621 ಮಿ.ಮೀ. ಇದೇ ಸ್ವಿಫ್ಟಿನ ಅಗ್ಗದ ಎಲ್‌ಎಕ್ಸ್‌ಐ ಮಾದರಿಗೆ ಕಂಪನಿ ಕೊಡುವುದು 165/80 ಆರ್14. ರಿಮ್ಮು ಒಂದು ಇಂಚು ಚಿಕ್ಕದು, ಟಯರು 20 ಮಿ.ಮೀ. ಸಪೂರ, ಆದರೂ ಒಟ್ಟು ಎತ್ತರ 619 ಚಿಲ್ಲರೆ. ವ್ಯತ್ಯಾಸ ಬರೀ ಎರಡು ಮಿಲಿಮೀಟರು. ರಿಮ್ಮು ದೊಡ್ಡದಾದಷ್ಟೂ ಪಕ್ಕೆಯನ್ನು ತಗ್ಗಿಸಿ ಹೊರಗಿನ ಎತ್ತರವನ್ನು ಅಲ್ಲಿಗಲ್ಲಿಗೆ ಕೂಡಿಸಿಟ್ಟಿದ್ದಾರೆ. ಅಳಿಯನ 17 ಇಂಚಿನದ್ದನ್ನು ಕೂಡಿದರೆ 616. ಈ ಲೆಕ್ಕದಲ್ಲಿ ಅವನು ಪಾಸು. ಅದನ್ನು ಕಂಡುಕೊಂಡವನೇ ‘ಮತ್ತೆ ಸರಿಯಾಗೇ ಇದೆಯಲ್ಲ ಮಾವ’ ಎಂದು ವಾದಕ್ಕೆ ನಿಂತ.

ನಾವು ಜಗಳವಾಡುವುದೆಲ್ಲ ಹೀಗೆ ಕಣ್ಣಿಗೆ ಕಾಣುವ ಅಳತೆಗಳ ಮೇಲೆ. ಹೊಂದುವುದನ್ನು ನಿರ್ಧರಿಸುವ ಅಂಕಿಗಳು ವೀಲಿನ ಬೆನ್ನಿಗಿರುತ್ತವೆ, ಬಿಚ್ಚಿ ತಿರುಗಿಸಿದರೆ ಮಾತ್ರ ಕಾಣುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಆಫ್‌ಸೆಟ್. ವೀಲು ಹಬ್ಬಿಗೆ ಒತ್ತಿ ಕೂರುವ ಮುಖವು ರಿಮ್ಮಿನ ನಟ್ಟನಡುವಿನಿಂದ ಎಷ್ಟು ಹೊರಕ್ಕಿದೆ ಎಂಬ ಲೆಕ್ಕ ಅದು. ವೀಲಿನ ಮೇಲೆ ‘ಇಟಿ’ ಎಂದು ಬರೆದು ಮುಂದೊಂದು ಅಂಕಿ ಕೊಟ್ಟಿರುತ್ತಾರೆ, ಮಿಲಿಮೀಟರಿನಲ್ಲಿ. ಅಂಕಿ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಆಚೆಗೆ ಸರಿಯುತ್ತದೆ. ಅಳಿಯನ ಹೊಸ ವೀಲಿನ ಆಫ್‌ಸೆಟ್ ಹಳೆಯದಕ್ಕಿಂತ 10 ಕಡಿಮೆ ಇತ್ತು. ಟಯರಿನ ಅಗಲ 20 ಹೆಚ್ಚಿದ್ದರಿಂದ ಆಚೆಗೆ 10, ಈಚೆಗೆ 10 ಬೆಳೆದಿತ್ತು. ಎರಡೂ ಕೂಡಿದರೆ ಟಯರಿನ ಹೊರ ಅಂಚು 20 ಮಿ.ಮೀ. ಆಚೆಗೆ ಬಂತು, ಒಳ ಅಂಚು ಇದ್ದಲ್ಲೇ ಉಳಿಯಿತು. ಒಬ್ಬನೇ ಕೂತು ಆಫೀಸಿಗೆ ಹೋಗಿ ಬರುವಾಗ ಆ 20 ಮಿಲಿಮೀಟರಿಗೆ ಜಾಗವಿತ್ತು. ಐದು ಜನರ ಭಾರಕ್ಕೆ ಸ್ಪ್ರಿಂಗು ಕುಸಿದಾಗ ಇರಲಿಲ್ಲ.

ಉಜ್ಜುವುದು ಸಣ್ಣ ತೊಂದರೆ, ಯಾಕೆಂದರೆ ಅದು ಸದ್ದು ಮಾಡಿ ಹೇಳುತ್ತದೆ. ಚಕ್ರ ಆಚೆಗೆ ಸರಿದಷ್ಟೂ ಬೇರಿಂಗಿನ ಮೇಲೆ ಸನ್ನೆಗೋಲಿನ ಭಾರ ಹೆಚ್ಚುತ್ತದೆ. ಮುಂದಿನ ಚಕ್ರವಾದರೆ ಹಳ್ಳ ಬಿದ್ದಾಗ ಸ್ಟೀರಿಂಗು ಕೈಯಿಂದ ಎಳೆದುಕೊಳ್ಳುತ್ತದೆ. ಇವು ತಿಂಗಳುಗಟ್ಟಲೆ ಸುಮ್ಮನಿರುವ ತೊಂದರೆಗಳು.

ವೀಲಿನ ಬೆನ್ನಿನ ಇನ್ನೊಂದು ಅಳತೆ ನಡುವಿನ ತೂತಿನದು, ಹಬ್ಬಿನ ಮೂತಿ ಹೋಗಿ ಕೂರುವ ಜಾಗದ್ದು. ಸ್ವಿಫ್ಟಿನದ್ದು 54.1 ಮಿ.ಮೀ. ಹತ್ತಾರು ಕಾರುಗಳಿಗೆ ಒಂದೇ ವೀಲು ಮಾರಬೇಕಾದ ತಯಾರಕರು ಆ ತೂತನ್ನು ದೊಡ್ಡದಾಗಿಯೇ ಕೊರೆಯುತ್ತಾರೆ, 73.1 ಎಂಬುದು ಬಹಳ ಕಡೆ ಕಾಣುವ ಅಳತೆ. ನಡುವೆ ಉಳಿಯುವ ಸಂದನ್ನು ತುಂಬಲು ಒಂದು ರಿಂಗು ಬರುತ್ತದೆ, ಅಗ್ಗದ್ದು, ಅದನ್ನೇ ಹಾಕಲು ಮರೆಯುತ್ತಾರೆ. ಆಗ ವೀಲನ್ನು ಮಧ್ಯಕ್ಕೆ ಹಿಡಿಯುವ ಕೆಲಸವೆಲ್ಲ ನಾಲ್ಕು ನಟ್ಟುಗಳದ್ದಾಗುತ್ತದೆ. ವೇಗ ಎಂಬತ್ತು ತೊಂಬತ್ತು ಮುಟ್ಟಿದಾಗ ಸ್ಟೀರಿಂಗು ನಡುಗುತ್ತದೆ. ಬ್ಯಾಲೆನ್ಸಿಂಗಿಗೆ ಕೊಟ್ಟರೆ ಮಶೀನು ಸೊನ್ನೆ ತೋರಿಸುತ್ತದೆ, ಯಾಕೆಂದರೆ ಮಶೀನು ತನ್ನದೇ ಕೋನ್ ತೂರಿಸಿ ವೀಲನ್ನು ಸರಿಯಾಗಿ ಮಧ್ಯಕ್ಕೆ ಹಿಡಿದಿರುತ್ತದೆ. ಮೂರು ಸಲ ಬ್ಯಾಲೆನ್ಸಿಂಗಿಗೆ ದುಡ್ಡು ಕೊಟ್ಟು ಕೊನೆಗೆ ರಸ್ತೆಯನ್ನೇ ಬೈಯುತ್ತಾ ಓಡಾಡುವವರು ನನಗೆ ಗೊತ್ತು. ಬೋಲ್ಟುಗಳ ಸುತ್ತಿನ ವ್ಯಾಸವೂ ಹೀಗೇ ಮೋಸಮಾಡುತ್ತದೆ. ಸ್ವಿಫ್ಟಿನದ್ದು 100 ಮಿ.ಮೀ., ಫಿಯೆಟ್ ಪುಂಟೋದ್ದು 98. ಎರಡಕ್ಕೂ ನಾಲ್ಕೇ ಬೋಲ್ಟು. ಪುಂಟೋದ ವೀಲನ್ನು ಸ್ವಿಫ್ಟಿಗೆ ಹಾಕಿದರೆ ನಟ್ಟು ಹಿಡಿಯುತ್ತದೆ, ಆದರೆ ಓರೆಯಾಗಿ. ಪಾನಾಕ್ಕೆ ಅದು ತಿಳಿಯುವುದಿಲ್ಲ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಏರಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಕಮ್ಮಾರ ಹಳಿಯನ್ನು ಚಕ್ರದ ಸುತ್ತಳತೆಗಿಂತ ಬೇಕೆಂದೇ ಒಂದಿಷ್ಟು ಚಿಕ್ಕದಾಗಿ ಮಾಡುತ್ತಿದ್ದ. ತಣ್ಣಗಿದ್ದಾಗ ಅದು ಕೂರುವುದೇ ಇಲ್ಲ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಮರಕ್ಕೆ ತೊಡಿಸಿ, ಕೊಡಗಟ್ಟಲೆ ನೀರು ಸುರಿದರೆ ಹೊಗೆಯೆದ್ದು ಹಳಿ ಕುಗ್ಗಿ ಕೀಲುಗಳನ್ನೆಲ್ಲ ಬಿಗಿಯುತ್ತಿತ್ತು. ಸಲೀಸಾಗಿ ಕೂತ ಹಳಿಯನ್ನು ಯಾವ ಕಮ್ಮಾರನೂ ಮೆಚ್ಚುತ್ತಿರಲಿಲ್ಲ.

ಈಗ ಭಾರದ ಮಾತು. ಟಯರಿನ ಅಳತೆಯ ಪಕ್ಕದಲ್ಲೇ 88ಎಚ್ ಎಂಬಂಥ ಇನ್ನೊಂದು ಗುರುತು ಇರುತ್ತದೆ. ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗ, ಅದರ ಚಿಂತೆ ನಮ್ಮ ರಸ್ತೆಗಳಲ್ಲಿ ಬೇಡ. 88 ಎಂಬುದು ಹೊರುವ ಶಕ್ತಿಯ ಅಂಕಿ: ಒಂದು ಟಯರಿಗೆ 560 ಕೆ.ಜಿ. 185/65 ಆರ್15ಕ್ಕೆ ಸಾಮಾನ್ಯವಾಗಿ ಇರುವುದು ಇದೇ. ಅಗಲವಾದ, ದುಬಾರಿಯಾದ, ಗತ್ತಿನ 195/55 ಆರ್16ಕ್ಕೆ ಸಾಧಾರಣ ದರ್ಜೆಯಲ್ಲಿ 87, ಅಂದರೆ 545 ಕೆ.ಜಿ. ಅಳಿಯನ 205/45 ಆರ್17ಕ್ಕೆ 84, ಬರೀ 500. ದಪ್ಪಗೆ ಕಾಣುವ ಟಯರು ಕಡಿಮೆ ಹೊರುತ್ತದೆ ಎಂದರೆ ಅವನು ನಂಬಲೇ ಇಲ್ಲ. ನಂಬಲು ಕಷ್ಟವೇ. ಆದರೆ ಕಾರನ್ನು ಹೊತ್ತಿರುವುದು ರಬ್ಬರಲ್ಲ, ಒಳಗಿನ ಗಾಳಿ. ಪಕ್ಕೆ 120 ಮಿ.ಮೀ.ನಿಂದ 92ಕ್ಕೆ ಇಳಿದಾಗ ಗಾಳಿಯ ಕೋಣೆ ಕುಗ್ಗುತ್ತದೆ. ಅದೇ ಅಳತೆಯಲ್ಲಿ ಹೆಚ್ಚು ಗಾಳಿ ಹಿಡಿಯುವ ‘ಎಕ್ಸ್‌ಎಲ್’ ದರ್ಜೆಯ ಟಯರೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಹಳ್ಳಕ್ಕೆ ಬಿದ್ದಾಗ ಪೆಟ್ಟು ತಿನ್ನುವುದೂ ಆ ಗಾಳಿಯೇ. ಅದು ಕಡಿಮೆಯಾದರೆ ಪೆಟ್ಟು ರಿಮ್ಮಿಗೆ, ರಿಮ್ಮಿನಿಂದ ಸಸ್ಪೆನ್ಷನ್ನಿಗೆ, ಅಲ್ಲಿಂದ ನಮ್ಮ ಸೊಂಟಕ್ಕೆ.

ಅಗಲ ಟಯರಿಗೆ ‘ಗ್ರಿಪ್ ಜಾಸ್ತಿ’ ಎಂಬ ಮಾತನ್ನು ಪೂರ್ತಿ ತಳ್ಳಿಹಾಕಲಾಗದು, ಒಣ ರಸ್ತೆಯ ತಿರುವಿನಲ್ಲಿ ಅದು ನಿಜ. ಆದರೆ ಹೆಚ್ಚು ರಬ್ಬರು ನೆಲ ಮುಟ್ಟುತ್ತದೆ ಎಂಬ ಕಾರಣ ಅಷ್ಟು ನಿಜವಲ್ಲ. ಚಕ್ರಕ್ಕೆ 310 ಕೆ.ಜಿ. ಭಾರ, ಒಳಗೆ 33 ಪೌಂಡ್ ಗಾಳಿ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 135 ಚದರ ಸೆಂ.ಮೀ., ಒಂದು ಕೈ ಊರಿದಷ್ಟು. ಟಯರು ಅಗಲವಾದರೂ ಆ ಜಾಗ ಹೆಚ್ಚೇನೂ ಬೆಳೆಯುವುದಿಲ್ಲ, ಉದ್ದವಾಗಿದ್ದದ್ದು ಅಡ್ಡವಾಗುತ್ತದೆ. ಆಗುಂಬೆಯ ಕಡೆ ಆಷಾಢದಲ್ಲಿ ಓಡಿಸಿದವರಿಗೆ ಅಡ್ಡವಾಗುವುದು ಏನೆಂದು ಗೊತ್ತು: ನೀರನ್ನು ಸೀಳಬೇಕಾದ ಟಯರು ನೀರಿನ ಮೇಲೆ ತೇಲಲು ನೋಡುತ್ತದೆ.

ನಮ್ಮಲ್ಲಿ ಇದಕ್ಕಿಂತ ಸಾಮಾನ್ಯವಾದ ಎಡವಟ್ಟು ಬೇರೆಯಿದೆ. ರಿಮ್ಮು ಬದಲಿಸದೆ, ‘ಗಾಡಿ ಸ್ವಲ್ಪ ಎತ್ತರ ಆಗ್ಲಿ’ ಎಂದು ಅದೇ 15 ಇಂಚಿಗೆ 205/65 ಹಾಕಿಸುವುದು. ಚಕ್ರದ ಎತ್ತರ 647 ದಾಟುತ್ತದೆ, ಶೇ. 4ಕ್ಕೂ ಹೆಚ್ಚು. ಮೀಟರು ಎಣಿಸುವುದು ಸುತ್ತುಗಳನ್ನು. ಅದರ ಮುಳ್ಳು ಮೊದಲಿನಂತೆಯೇ 100 ತೋರಿಸುವಾಗ ಗಾಡಿ ಮೊದಲಿಗಿಂತ ಗಂಟೆಗೆ ನಾಲ್ಕು ಕಿ.ಮೀ. ಹೆಚ್ಚು ಓಡುತ್ತಿರುತ್ತದೆ. ಮೀಟರುಗಳು ಸ್ವಲ್ಪ ಹೆಚ್ಚೇ ತೋರಿಸುವಂತೆ ಮಾಡಿರುವುದರಿಂದ ಮೈಸೂರು ಹೆದ್ದಾರಿಯ ಕ್ಯಾಮೆರಾದಿಂದ ಬಚಾವಾಗಬಹುದು. ತಮಾಷೆಯೆಂದರೆ ಇಂಥವರು ‘ಟಯರು ಹಾಕಿಸಿದ ಮೇಲೆ ಮೈಲೇಜು ಬಿತ್ತು’ ಎಂದು ಗೊಣಗುತ್ತಾರೆ. ಲೀಟರಿಗೆ ನಿಜವಾಗಿ 18 ಕಿ.ಮೀ. ಓಡಿದರೂ ಮೀಟರು 17.3 ಎಂದು ಬರೆದುಕೊಳ್ಳುತ್ತದೆ. ಭಾರದ ಚಕ್ರ ತಿರುಗಿಸಲು ಒಂದಿಷ್ಟು ಪೆಟ್ರೋಲು ಹೆಚ್ಚು ಹೋಗುವುದೂ ಉಂಟು, ಆದರೆ ಬಿದ್ದದ್ದರಲ್ಲಿ ಒಂದು ಪಾಲು ಬರೀ ಲೆಕ್ಕದಲ್ಲಿ ಬಿದ್ದದ್ದು.

ಹಾಗಾದರೆ ಕಂಪನಿ ಕೊಟ್ಟ ಅಳತೆ ವೇದವಾಕ್ಯವೇ? ಅಲ್ಲ. ಅಗ್ಗದ ಮಾದರಿಗೆ ಸಪೂರ ಟಯರು ಕೊಡುವುದರಲ್ಲಿ ಮೈಲೇಜಿನ ಅಂಕಿ ಮತ್ತು ಖರ್ಚಿನ ಅಂಕಿ ಎರಡೂ ಇವೆ. ದುಬಾರಿ ಮಾದರಿಗೆ ದೊಡ್ಡ ರಿಮ್ಮು ಕೊಡುವುದರಲ್ಲಿ ಶೋರೂಮಿನ ದೀಪದಡಿ ಕಣ್ಣು ಕುಕ್ಕುವ ಆಸೆಯೂ ಇದೆ. ಈಗಿನ ಎಸ್‌ಯುವಿಗಳಲ್ಲಂತೂ ಅಳಿಯನ ಚಟ ಕಾರ್ಖಾನೆಗೇ ಅಂಟಿದೆ. ಹಣ ಉಳಿಸಿ ಕೆಳಗಿನ ಮಾದರಿ ಕೊಂಡವನು ದಪ್ಪ ಪಕ್ಕೆಯ ಟಯರಿನ ಮೇಲೆ ಹಳ್ಳ ದಿಣ್ಣೆಗಳನ್ನು ಹೆಚ್ಚು ಸುಖವಾಗಿ ದಾಟುತ್ತಾನೆ, ಅದನ್ನು ಮಾರಾಟದ ಹುಡುಗ ಹೇಳುವುದಿಲ್ಲ. ಚೆಂದದ ಆಸೆಯನ್ನು ನಾನು ಹಂಗಿಸಲಾರೆ. ಗಾಡಿಯ ಎತ್ತಿನ ಕೊಂಬಿಗೆ ಬಣ್ಣ ಬಳಿದವರ ಮಕ್ಕಳು ನಾವು. ಆದರೆ ಬಣ್ಣ ಬಳಿದವರು ಅಚ್ಚಿನ ಅಳತೆ ಬದಲಿಸಿರಲಿಲ್ಲ.

ಕಂಪನಿಯ ಅಳತೆಯಲ್ಲಿ ಇರುವ ಗುಣ ಒಂದೇ, ಆ ಚಕ್ರವನ್ನು ಆ ಕಾರಿನಲ್ಲಿ, ಪೂರ್ತಿ ಭಾರ ಹಾಕಿ, ಸ್ಟೀರಿಂಗ್ ಕೊನೆಯವರೆಗೂ ತಿರುಗಿಸಿ ಯಾರೋ ನೋಡಿದ್ದಾರೆ. ಅದಕ್ಕೇ, ಬದಲಿಸಲೇಬೇಕೆಂದವರಿಗೆ ನಾನು ಹೇಳುವುದು ಅದೇ ಕಾರಿನ ಮೇಲಿನ ಮಾದರಿಯ ವೀಲು ಮತ್ತು ಟಯರನ್ನು ತನ್ನಿ ಎಂದು. ಎಲ್‌ಎಕ್ಸ್‌ಐ ಇದ್ದವರು ಝಡ್‌ಎಕ್ಸ್‌ಐ ಚಕ್ರಕ್ಕೆ ಹೋಗಬಹುದು. ಅದರಾಚೆ ಹೋದರೆ ಕಾರ್ಖಾನೆ ನೋಡಿದ್ದನ್ನೆಲ್ಲ ನೀವೇ ನೋಡಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಸೂಚಿಸಿದ ವಿವರಗಳಿಂದ ದೂರ ಸರಿಯುವ ಮಾರ್ಪಾಟನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಯಾಗಿಯೇ ಹೇಳಿತು. ಕಾನೂನಿನ ಕಾರಣಕ್ಕಿಂತ ಬೇರಿಂಗಿನ ಕಾರಣ ನನಗೆ ದೊಡ್ಡದು.

ಅಳಿಯ ಆರು ತಿಂಗಳು ಹಟ ಹಿಡಿದು ಕೊನೆಗೆ ಹಳೆಯ 15 ಇಂಚಿನವನ್ನೇ ಮತ್ತೆ ಹಾಕಿಸಿದ. ಬಿಚ್ಚಿದ ನಾಲ್ಕು ವೀಲುಗಳನ್ನು ಮಾರಾಟಕ್ಕಿಟ್ಟ. ಮೊನ್ನೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ಆ ಕಡೆಯ ಹುಡುಗ ‘ನನ್ನ ಗಾಡಿಗೆ ಕೂರುತ್ತಾ ಬ್ರೋ?’ ಎಂದು ಕೇಳಿದ್ದು ನನಗೂ ಕೇಳಿಸಿತು. ಅಳಿಯ ತುತ್ತು ನುಂಗಿ ಒಂದು ಕ್ಷಣ ನನ್ನ ಮುಖ ನೋಡಿದ.

‘ಗಾಡೀಲಿ ಎಷ್ಟು ಜನ ಕೂರ್ತೀರಿ?’ ಎಂದ.