ಅಂಕಪಟ್ಟಿ ಒಂದೇ, ಸಂಬಳ ಬೇರೆ: ಪದವೀಧರ ಹೆಣ್ಣುಮಕ್ಕಳ ವೇತನದ ಲೆಕ್ಕ

ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಜೈನ ಸಂಘ-ಸಂಸ್ಥೆಗಳು ಊರೂರುಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ವೇದಿಕೆ ಹತ್ತುವವರಲ್ಲಿ ಹೆಣ್ಣುಮಕ್ಕಳ ಸಾಲು ಉದ್ದವಿರುವುದು ಈಗ ಹೊಸ ಸಂಗತಿಯಲ್ಲ. ಬಿ.ಕಾಂ., ಬಿ.ಇ., ಎಂ.ಬಿ.ಎ., ಸಿ.ಎ. ಮುಗಿಸಿದವರಿಗೆ ಶಾಲು, ಫಲಕ, ನಗದು ಬಹುಮಾನ ಸಿಗುತ್ತದೆ. ಅದೇ ಮಕ್ಕಳು ಎರಡು ವರ್ಷದ ನಂತರ ಎಲ್ಲಿದ್ದಾರೆ, ಎಷ್ಟು ಸಂಬಳ ತೆಗೆದುಕೊಳ್ಳುತ್ತಿದ್ದಾರೆ ಎಂಬ ಲೆಕ್ಕ ಇಡುವ ಸಂಸ್ಥೆಗಳು ಅಪರೂಪ.

ಲೆಕ್ಕ ಇಡಬೇಕಾದ ಕಾರಣ ಜನಗಣತಿಯಲ್ಲೇ ಇದೆ. 2001ರ ಜನಗಣತಿಯ ಪ್ರಕಾರ ಜೈನ ಮಹಿಳೆಯರ ಸಾಕ್ಷರತೆ ಶೇ. 90.6. ದೇಶದ ಪ್ರಮುಖ ಧರ್ಮಗಳಲ್ಲಿ ಬೇರೆ ಯಾವ ಧರ್ಮದ ಮಹಿಳೆಯರೂ ಈ ಮಟ್ಟಕ್ಕೆ ಬಂದಿರಲಿಲ್ಲ. ಅದೇ ಜನಗಣತಿಯಲ್ಲಿ ದುಡಿಯುವವರೆಂದು ದಾಖಲಾದ ಜೈನ ಮಹಿಳೆಯರು ಶೇ. 9.2 ಮಾತ್ರ. ಇಡೀ ದೇಶದ ಮಹಿಳೆಯರ ಸರಾಸರಿ ಶೇ. 25.6 ಇತ್ತು. ಓದಿನಲ್ಲಿ ಎಲ್ಲರಿಗಿಂತ ಮುಂದೆ, ದುಡಿಮೆಯಲ್ಲಿ ಎಲ್ಲರಿಗಿಂತ ಹಿಂದೆ. ಹೊಲದಲ್ಲಿ ದುಡಿಯುವವರು ಇತರರಲ್ಲಿ ಹೆಚ್ಚು ಎಂಬ ಸಮಾಧಾನ ಹೇಳಬಹುದು. ಅದರಲ್ಲಿ ಸತ್ಯವೂ ಇದೆ. ಆದರೆ ಆದಿನಾಥರು ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕ ಕಲಿಸಿದರೆಂದು ಪ್ರವಚನದಲ್ಲಿ ಕೇಳುವ ಸಮಾಜಕ್ಕೆ ಅಷ್ಟು ಸಮಾಧಾನ ಸಾಲದು.

ಈಗ ಹುಡುಗಿಯರು ಕೆಲಸಕ್ಕೆ ಹೋಗುತ್ತಿದ್ದಾರೆ. ಪ್ರಶ್ನೆ ಸಂಬಳದ್ದು. ಕಾಲೇಜಿನ ಕ್ಯಾಂಪಸ್ ಸಂದರ್ಶನದಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಒಂದು ತಂಡಕ್ಕೆ ಒಂದೇ ಪ್ಯಾಕೇಜ್ ಕೊಡುವುದು ರೂಢಿ. ಅಲ್ಲಿ ಗಂಡು-ಹೆಣ್ಣಿನ ಭೇದ ಕಾಣುವುದು ಕಡಿಮೆ. ಭೇದ ಶುರುವಾಗುವುದು ಅದರ ಆಚೆ. ಸಣ್ಣ ಕಂಪನಿ, ಖಾಸಗಿ ಶಾಲೆ, ಆಡಿಟರ್ ಕಚೇರಿ, ಆಸ್ಪತ್ರೆಗಳಲ್ಲಿ ಸಂಬಳ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ. ಹುಡುಗ ಬೆಂಗಳೂರಿಗೋ ಪುಣೆಗೋ ಹೋಗುತ್ತೇನೆಂದು ಹೇಳಿ ಕೇಳಿದಷ್ಟು ಪಡೆಯುತ್ತಾನೆ. ಹುಡುಗಿಗೆ ಮನೆಗೆ ಹತ್ತಿರ, ಸಂಜೆ ಬೇಗ ಬಿಡುವ ಕೆಲಸ ನೋಡಲು ಹಿರಿಯರು ಹೇಳುತ್ತಾರೆ. ಅವಳು ಕೊಟ್ಟಷ್ಟಕ್ಕೆ ಒಪ್ಪುತ್ತಾಳೆ.

ಮೂರು ಸಾವಿರ ಕಡಿಮೆಯಾದರೆ ಏನಾಯಿತು ಎನ್ನುವವರು ಬಡ್ಡಿ ಲೆಕ್ಕ ಗೊತ್ತಿರುವವರೇ. ಒಬ್ಬರಿಗೆ ತಿಂಗಳಿಗೆ 25,000, ಇನ್ನೊಬ್ಬರಿಗೆ 22,000 ಎಂದಿಟ್ಟುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ ಶೇ. 10ರಂತೆ ಏರಿಕೆ. ಐದು ಏರಿಕೆಯ ನಂತರ ಅಂತರ 3,000ದಿಂದ 4,800 ದಾಟುತ್ತದೆ. ಮೊದಲ ಐದು ವರ್ಷದಲ್ಲಿ ಕೈತಪ್ಪಿದ ಹಣ ಸುಮಾರು 2 ಲಕ್ಷ 20 ಸಾವಿರ, ಭವಿಷ್ಯ ನಿಧಿಯ ಪಾಲು ಬೇರೆ. ಕೆಲಸ ಬದಲಿಸುವಾಗ ಹೊಸ ಮಾಲೀಕ ಕೇಳುವ ಮೊದಲ ಮಾತು “ಹಿಂದಿನ ಸಂಬಳ ಎಷ್ಟಿತ್ತು?” ಎಂದೇ. ಹಳೆಯ ಕೊರತೆ ಹೊಸ ಜಾಗಕ್ಕೂ ಹೀಗೆ ಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಕಾನೂನು ಮಾಡಿ, ಕೆಲಸಕ್ಕೆ ಕರೆಯುವ ಮುನ್ನ ಹಿಂದಿನ ಸಂಬಳ ಕೇಳುವುದನ್ನೇ ತಡೆದದ್ದು ಈ ಕಾರಣಕ್ಕೆ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹಾರ್ವರ್ಡ್ ಪ್ರಾಧ್ಯಾಪಕಿ ಕ್ಲಾಡಿಯಾ ಗೋಲ್ಡಿನ್ ಇದನ್ನೇ ಜೀವನವಿಡೀ ಅಧ್ಯಯನ ಮಾಡಿದವರು. ಅವರು ಮತ್ತು ಸಂಗಡಿಗರು ಶಿಕಾಗೊದ ಎಂ.ಬಿ.ಎ. ಪದವೀಧರರನ್ನು ಪರಿಶೀಲಿಸಿದಾಗ, ಕೆಲಸಕ್ಕೆ ಸೇರಿದಾಗ ಗಂಡು-ಹೆಣ್ಣಿನ ಗಳಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಹತ್ತು ಹದಿನೈದು ವರ್ಷದಲ್ಲಿ ದೊಡ್ಡ ಅಂತರ ಬಿತ್ತು. ಮಗು ಹುಟ್ಟಿದ ಮೇಲೆ ಬಿಡುವು, ಕಡಿಮೆ ಗಂಟೆಯ ಕೆಲಸ, ಇವೇ ಮುಖ್ಯ ಕಾರಣ. ಅಲ್ಲಿ ತಾಯಿಯಾದ ಮೇಲೆ ಬೀಳುವ ಪೆಟ್ಟು ಇಲ್ಲಿ ಎಷ್ಟೋ ಸಲ ಮದುವೆ ಮಾತುಕತೆಯ ದಿನವೇ ಬೀಳುತ್ತದೆ. “ಮದುವೆಯಾದ ಮೇಲೆ ಕೆಲಸ ಬೇಕಾದರೆ ನೋಡೋಣ” ಎಂಬ ಮಾತಿಗೆ ಎಷ್ಟು ಸಾವಿರ ರೂಪಾಯಿ ಬೆಲೆ ಎಂದು ಯಾರೂ ಬರೆದಿಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ಸಂವಿಧಾನದ 39ನೇ ವಿಧಿಯಲ್ಲಿದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಅದರ ವಿಷಯ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಮುಂಬೈನ ಮ್ಯಾಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಆಡ್ರೆ ಡಿ’ಕೋಸ್ಟಾ ಅವರ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೆಲಸ ಒಂದೇ ಬಗೆಯದಾದರೆ, ಯೂನಿಯನ್ ಒಪ್ಪಂದವಾಗಿದೆ, ಕಂಪನಿಗೆ ಶಕ್ತಿಯಿಲ್ಲ ಎಂಬ ನೆಪ ನಡೆಯುವುದಿಲ್ಲ. ಆದರೆ ಪಕ್ಕದ ಮೇಜಿನವನ ಸಂಬಳ ತಿಳಿಯದ ಹುಡುಗಿ ದೂರು ಕೊಡುವುದು ಯಾವ ಆಧಾರದ ಮೇಲೆ? ಬ್ರಿಟನ್‌ನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು 2017ರಿಂದ ಈ ಅಂತರವನ್ನು ಪ್ರತಿ ವರ್ಷ ಪ್ರಕಟಿಸಬೇಕು.

ಜೈನ ಮನೆಗಳಿಗೇ ವಿಶೇಷವಾದ ತೊಡಕೂ ಒಂದಿದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮ ಪಾಲಿಸುವ ಹುಡುಗಿ ರಾತ್ರಿ ಎಂಟರವರೆಗೆ ಕಚೇರಿಯಲ್ಲಿ ಕೂರಬೇಕಾದರೆ ಡಬ್ಬಿ ಕಟ್ಟಿಕೊಳ್ಳಬೇಕು. ಕಂದಮೂಲವಿಲ್ಲದ ಅಡುಗೆ ಸಿಗುವ ಪಿ.ಜಿ. ದೂರ, ಬಾಡಿಗೆ ಹೆಚ್ಚು. ಸಮಾಜದ ವಿದ್ಯಾರ್ಥಿ ನಿಲಯಗಳು ಓದುವವರಿಗಾಗಿ ಕಟ್ಟಿದವು. ಓದು ಮುಗಿಸಿ ಕೆಲಸಕ್ಕೆ ಸೇರಿದವಳು ಕೊಠಡಿ ಖಾಲಿ ಮಾಡಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹತ್ತು ಕೊಠಡಿಗಳನ್ನು ದುಡಿಯುವ ಹುಡುಗಿಯರಿಗೆ ಮೀಸಲಿಟ್ಟರೆ ಹೆಚ್ಚಿನ ಸಂಬಳದ ಕೆಲಸ ಒಪ್ಪಲು ಎಷ್ಟೋ ಮನೆಯವರು ಧೈರ್ಯ ಮಾಡುತ್ತಾರೆ.

ಕೊನೆಗೆ ಅಂಗಡಿ. ವ್ಯಾಪಾರಸ್ಥ ಮನೆಗಳಲ್ಲಿ ಬಿ.ಕಾಂ. ಮಾಡಿದ ಮಗಳೋ ಸೊಸೆಯೋ ಟ್ಯಾಲಿ ಬರೆಯುತ್ತಾಳೆ, ಜಿ.ಎಸ್‌.ಟಿ. ರಿಟರ್ನ್ ಸಿದ್ಧ ಮಾಡುತ್ತಾಳೆ, ಬ್ಯಾಂಕಿಗೆ ಓಡಾಡುತ್ತಾಳೆ. ಗುಮಾಸ್ತನಿಗೆ ತಿಂಗಳ ಸಂಬಳ, ಅಂಗಡಿಯಲ್ಲಿ ಕೂರುವ ಮಗನಿಗೆ ಪಾಲುದಾರಿಕೆ, ಇವಳಿಗೆ ಕೇಳಿದಾಗ ಖರ್ಚಿಗೆ ಹಣ. ಮನೆಯವಳೇ ತಾನೇ ಎಂಬ ಮಾತು ಪ್ರೀತಿಯದೇ ಇರಬಹುದು, ಕಿರ್ದಿಯಲ್ಲಿ ಮಾತ್ರ ಅವಳ ಹೆಸರಿಲ್ಲ. ಜನಗಣತಿಯವರು ಬಂದಾಗ “ಗೃಹಿಣಿ” ಎಂದು ಬರೆಸುತ್ತಾರೆ, ಆ ಶೇ. 9.2ರ ಹಿಂದೆ ಇಂಥ ಮನೆಗಳೂ ಇದ್ದೇ ಇರುತ್ತವೆ. ಸಂಬಳ ಕೊಡಲು ತೆರಿಗೆ ಇಲಾಖೆಯ ಅಡ್ಡಿಯೂ ಇಲ್ಲ. ಕೆಲಸಕ್ಕೆ ತಕ್ಕ ಮೊತ್ತವಾದರೆ ಅದು ವ್ಯಾಪಾರದ ಖರ್ಚೇ. ಮಿತಿಮೀರಿದ ಭಾಗವನ್ನಷ್ಟೇ ಅಧಿಕಾರಿ ಒಪ್ಪದಿರಬಹುದು. ವ್ಯಾಪಾರದಲ್ಲಿ ದೊಡ್ಡ ಪಾಲಿರುವ ಗಂಡ ಹೆಂಡತಿಗೆ ಕೊಡಿಸುವ ಸಂಬಳವನ್ನು ಗಂಡನ ಆದಾಯಕ್ಕೇ ಸೇರಿಸುವ ನಿಯಮವೊಂದಿದೆ. ಆದರೆ ಅವಳಿಗೆ ತಾಂತ್ರಿಕ ಅಥವಾ ವೃತ್ತಿ ಅರ್ಹತೆಯಿದ್ದು, ಆ ಅರ್ಹತೆಯ ಕೆಲಸಕ್ಕೇ ಸಂಬಳ ಬಂದಿದ್ದರೆ ಆ ನಿಯಮ ತಗಲುವುದಿಲ್ಲ. ಮನೆಯ ಆಡಿಟರನ್ನು ಕೇಳಿದರೆ ಐದು ನಿಮಿಷದಲ್ಲಿ ಹೇಳುತ್ತಾರೆ. ತಿಂಗಳು ತಿಂಗಳು ಅವಳ ಬ್ಯಾಂಕ್ ಖಾತೆಗೆ ಹಣ ಹೋದರೆ, ಮುಂದೆ ಅವಳು ಹೊರಗೆ ಅರ್ಜಿ ಹಾಕಿದ ದಿನ ಅನುಭವ ಪತ್ರವೂ ಸಂಬಳದ ದಾಖಲೆಯೂ ಕೈಯಲ್ಲಿರುತ್ತವೆ. ಇಲ್ಲದಿದ್ದರೆ ಆರು ವರ್ಷ ಲೆಕ್ಕ ಬರೆದವಳೂ ಹೊಸಬಳ ಸಂಬಳಕ್ಕೇ ಸೇರಬೇಕಾಗುತ್ತದೆ.