ಹೆಬ್ಬೆಟ್ಟಿಗೂ ಮಾನವಿದೆ

1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಗಾದಿ ಬಿಟ್ಟರು. ರಾಜಕಾರಣಿಗಳ ಟೆಲಿಫೋನು ಕದ್ದು ಕೇಳಿಸಿದ ಆರೋಪ. ಉಳ್ಳವರ ಗುಟ್ಟಿಗೆ ಅಷ್ಟು ಬೆಲೆ!

ನಮ್ಮ ಗುಟ್ಟಿಗೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕಲ್ಲ, ಬಡವರಿಗೆ ಮೊದಲು ಅನ್ನ ಬೇಕು ಎಂದು ಕೇಂದ್ರ ಸರ್ಕಾರ ವಾದಿಸಿತು. ಹಸಿದವನಿಗೆ ಮಾನ ಯಾಕೆ ಅನ್ನೋ ಹಳೇ ಗೌಡಿಕೆ ಮಾತೇ ಇದು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. 2018ರಲ್ಲಿ ಅದೇ ಕೋರ್ಟು ರೇಷನ್ನಿಗೆ ಆಧಾರ್ ಇರಲಿ ಎಂದಿತು.

ಆದಿವಾಲದ ಕೂಲಿಯವಳ ಸವೆದ ಹೆಬ್ಬೆಟ್ಟನ್ನು ಮೆಷಿನ್ನು ಗುರುತಿಸದಿದ್ದರೆ ಅನ್ನ ಕದ್ದವರು ಯಾರು? ಕೇರಿಯವರು ಏನು ಉಂಡರು, ಏನು ಉಟ್ಟರು ಅಂತ ಊರು ತಲೆಮಾರುಗಟ್ಟಲೆ ಇಣುಕಿದೆ. ಈಗ ಆ ಕಣ್ಣಿಗೆ ಕಂಪ್ಯೂಟರ್ ಸಿಕ್ಕಿದೆ.

2023ರ ದತ್ತಾಂಶ ಕಾಯಿದೆಯಲ್ಲಿ ಅದೇ ಖಾಸಗಿತನದ ಹೆಸರು ಹೇಳಿ ಮಾಹಿತಿ ಹಕ್ಕನ್ನು ಮೊಟಕು ಮಾಡಿದರು. ಬಯಲು ನಮಗೆ, ಬಾಗಿಲು ಅವರಿಗೆ!

ಗೆಳೆಯರೇ, ರೇಷನ್ನು ಯಾರಪ್ಪನ ಮನೆ ಗಂಟೂ ಅಲ್ಲ. ಅದಕ್ಕೆ ನಮ್ಮ ಮಾನ ಒತ್ತೆ ಇಡೋದಿಲ್ಲ. ವೋಟು ಕೇಳಿ ಬರುವವರನ್ನು ಕೇರಿಕೇರಿಯಲ್ಲೂ ನಿಲ್ಲಿಸಿ ಕೇಳೋಣ: ನಮ್ಮ ಬೆರಳು ನಿಮ್ಮ ಕೈಲಿದೆ, ನಿಮ್ಮ ಲೆಕ್ಕ ನಮ್ಮ ಕೈಲಿ ಯಾಕಿಲ್ಲ?