ಬಂದಿದ್ದನ್ನ ಕಳಿಸೇನ್ರಿ!

ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆಂದರೆ ಸಾಕು, ಮುಧೋಳ ಭಾಗದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಯಾದವಾಡ ಸೇತುವೆ ಮುಳುಗಿದ ವಿಡಿಯೊ ಓಡಾಡತೊಡಗುತ್ತದೆ. ಅದು ಇವತ್ತಿನದೋ, 2019ರ ಆಗಸ್ಟ್ ಮಹಾಪೂರದ್ದೋ ಹೇಳುವವರಿಲ್ಲ. ಹಳೆಯದನ್ನು ನಂಬಿ ದನಕರು ಹೊಡೆದುಕೊಂಡು ಊರು ಬಿಟ್ಟವನು, ಮರುವರ್ಷ ನಿಜವಾದ ಎಚ್ಚರಿಕೆ ಬಂದಾಗ ಕದಲದೆ ಕೂತರೆ ಅವನನ್ನು ದೂರುವಂತಿಲ್ಲ. ಕಳಿಸಿದವರನ್ನು ಕೇಳಿದರೆ ಉತ್ತರ ಸಿದ್ಧ: ‘ಬಂದಿದ್ದನ್ನ ಕಳಿಸೇನ್ರಿ, ನನಗೇನ್ ಗೊತ್ತು?’

ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ 993ರಲ್ಲಿ ‘ಅಜಿತಪುರಾಣ’ ಬರೆದದ್ದು ಅತ್ತಿಮಬ್ಬೆಯ ಆಶ್ರಯದಲ್ಲಿ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಆಕೆಯೇ. ಕನ್ನಡದ ಮೊದಲ ದೊಡ್ಡ ‘ಶೇರ್’ ಅದು ಅನ್ನಬಹುದು. ಸಾವಿರ ಕಟ್ಟು ಕೈಬದಲಾದರೂ ಕಾವ್ಯ ಪೊನ್ನನದಾಗಿಯೇ ಉಳಿಯಿತು. ಓಲೆಗರಿಯ ಲಿಪಿಕಾರರಲ್ಲಿ ಅನೇಕರು ಕೃತಿ ಮುಗಿದ ಮೇಲೆ, ಅದಕ್ಕೆ ಬೆರೆಸದೆ, ತಮ್ಮ ಹೆಸರು ಮತ್ತು ಬರೆದು ಮುಗಿಸಿದ ದಿನ ನಮೂದಿಸುತ್ತಿದ್ದರು. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು. ಯಾರದು, ಯಾವಾಗಿನದು, ನಡುವಿನವನ ಮಾತು ಯಾವುದು? ಹಂಚುವವನು ಇವತ್ತಿಗೂ ಹೇಳಬೇಕಾದದ್ದು ಇಷ್ಟೇ.

ಟ್ವಿಟರ್‌ನಲ್ಲೂ 2009ರಲ್ಲಿ ರೀಟ್ವೀಟ್ ಗುಂಡಿ ಬರುವ ಮೊದಲು ಬಳಕೆದಾರರೇ ‘ಆರ್‌ಟಿ’ ಎಂದು ಬರೆದು, ಮೂಲ ಬರೆದವರ ಹೆಸರು ಹಾಕಿ, ಆಮೇಲೆ ಅವರ ಮಾತು ಕೊಡುತ್ತಿದ್ದರು. ಯಾರೂ ಹೇರದ ಮರ್ಯಾದೆ ಅದು.

ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು, ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗೆ ಕಳಿಸುವ ಮಿತಿಯನ್ನೂ ಘೋಷಿಸಿತು. ಜಾಣರು ದಾರಿ ಕಂಡುಕೊಂಡರು: ಪಠ್ಯ ಕಾಪಿ ಮಾಡಿ ಅಂಟಿಸಿದರೆ ಗುರುತೂ ಇಲ್ಲ, ಮಿತಿಯೂ ಇಲ್ಲ. ಕವಿಯ ಹೆಸರು ಕತ್ತರಿಸಿ, ಕೆಳಗೆ ಗುಲಾಬಿ ಹೂವಿಟ್ಟು ತಮ್ಮ ಹೆಸರು ಸೇರಿಸುವವರೂ ಇದ್ದಾರೆ. ಇನ್ನು ‘ಕೃಪೆ: ವಾಟ್ಸ್‌ಆ್ಯಪ್’ ಅನ್ನುವುದಂತೂ ಕಾಗದ ಬರೆದವನು ಅಂಚೆಯಣ್ಣ ಎಂದಂತೆ.

‘ನನಗೇನ್ ಗೊತ್ತು’ ಎಂಬುದು ಕೋರ್ಟಿನಲ್ಲೂ ನಡೆಯಲಿಲ್ಲ. ಪತ್ರಕರ್ತೆಯರ ಬಗ್ಗೆ ಕೀಳು ಪೋಸ್ಟ್ ಹಂಚಿದ ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಓದದೆ ಕಳಿಸಿದೆ ಎಂದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ; ಸುಪ್ರೀಂ ಕೋರ್ಟೂ ಕೈಹಾಕಲಿಲ್ಲ. ಸೇತುವೆಯ ಹಳೆ ವಿಡಿಯೊಗೆ ಯಾರೂ ಕೋರ್ಟಿಗೆ ಎಳೆಯಲಿಕ್ಕಿಲ್ಲ, ಆದರೆ ‘2019ರದು’ ಎಂದು ಬರೆಯಲು ಬೇಕಾದದ್ದು ಅರೆ ನಿಮಿಷ. ಗೊತ್ತಿಲ್ಲದಿದ್ದರೆ ‘ಯಾವಾಗಿನದೋ ತಿಳಿಯದು’ ಎಂದು ಸೇರಿಸಬಹುದು; ಕಳಿಸದೆ ಇದ್ದರಂತೂ ಇನ್ನೂ ಒಳ್ಳೆಯದು. ತಪ್ಪೆಂದು ಆಮೇಲೆ ಗೊತ್ತಾದಾಗ ಸದ್ದಿಲ್ಲದೆ ಡಿಲೀಟ್ ಮಾಡಿದರೆ ಸಾಲದು. ಅಷ್ಟರಲ್ಲಿ ಬೇರೆಯವರು ಮುಂದೆ ಕಳಿಸಿದ ಪ್ರತಿಗಳು ಅಳಿಯುವುದಿಲ್ಲ. ಹಾಕಿದ ಗ್ರೂಪ್‌ಗಳಲ್ಲೆಲ್ಲ ತಿದ್ದುಪಡಿಯನ್ನೂ ಹಾಕಬೇಕು.